ಶಾರ್ಕಿನ ಪರವಾಗಿ ಅತ್ತವನು

ಬೆಟ್ಟದೂರು ಮಾನಂದವಾಡಿಯಲ್ಲಿ, ಪ್ರಾಣಿಗಳ ಪರ ಮಾತಾಡುವ ಸಭೆಯೊಂದರಲ್ಲಿ ಶಾರ್ಕಿನ ಧ್ವನಿಯಲ್ಲಿ ಅತ್ತು ಚಪ್ಪಾಳೆ ಗಿಟ್ಟಿಸಿದವನು ನಾನು. ಶಾರ್ಕಿಗೆ ಧ್ವನಿಯೇ ಇಲ್ಲವೆಂದು ಯಾರೂ ಆಕ್ಷೇಪಿಸಲಿಲ್ಲ. ಕಡಲಿಲ್ಲದ ಬೆಟ್ಟದಲ್ಲಿ ಮಿಮಿಕ್ರಿಗೆ ಅದೊಂದು ಅನುಕೂಲ. "ಸೂಪಿಗಾಗಿ ನಡೆಯುವ ನನ್ನ ರೆಕ್ಕೆಯ ವ್ಯಾಪಾರ ನಿಷೇಧಿಸಿ" ಎಂದು ಶಾರ್ಕಾಗಿ ಗೋಗರೆದೆ.

ಮರುದಿನ ಅಜ್ಜಿ ನನ್ನನ್ನು ಮೀನು ಮಾರುಕಟ್ಟೆಗೆ ಅಟ್ಟಿದಳು. ಹೆತ್ತು ವಾರವಾಗಿದ್ದ ಅಕ್ಕನಿಗೆ ಹಾಲು ಸಾಲದೆ ಮಗು ಅಳುತ್ತಿತ್ತು. ಸಣ್ಣ ಶಾರ್ಕಿನ ಸಾರು ಉಂಡರೆ ಬಾಣಂತಿಗೆ ಹಾಲು ಹೆಚ್ಚುತ್ತದೆ ಎಂಬುದು ಇಲ್ಲಿಯ ನಂಬಿಕೆ.

ಊರವರೆಲ್ಲ ಇಕ್ಕ, ಅಂದರೆ ಅಣ್ಣ, ಎಂದು ಕರೆಯುವ ಮೀನು ಮಾರುವವರು ನನ್ನ ಭಾಷಣ ಕೇಳಿದ್ದರು. "ಬಾ ಮೋನೆ, ನಿನ್ನ ಕುಟುಂಬದವರೆಲ್ಲ ಐಸಿನಲ್ಲಿ ಮಲಗಿದ್ದಾರೆ" ಎಂದು ಮಗನನ್ನು ಕರೆಯುವಂತೆ ಕರೆದರು.

"ಇದರ ರೆಕ್ಕೆ ಎಲ್ಲಿ ಇಕ್ಕಾ?"

"ಅದು ಕಡಲ ದಂಡೆಯಲ್ಲೇ ಬೇರೆ ಲಾರಿ ಹತ್ತಿತು. ನೀನು ನಿಷೇಧ ಕೇಳಿದ್ದು ರೆಕ್ಕೆಗೆ ತಾನೆ? ಇದಕ್ಕೆ ರೆಕ್ಕೆನೇ ಇಲ್ಲ, ಧೈರ್ಯವಾಗಿ ತಗೊಂಡೋಗು."

ಇಷ್ಟು ಒಳ್ಳೆಯ ವಾದಕ್ಕೆ ಬೆಲೆ ಕೊಡದಿರುವುದು ಹೇಗೆ? ಕೊಂಡು ತಂದೆ.

ಅಕ್ಕ ಪೊಟ್ಟಣ ಬಿಚ್ಚಿ ನೋಡಿ ಪಕ್ಕಕ್ಕೆ ಸರಿಸಿದಳು. "ನೀನು ಅತ್ತಿದ್ದು ಫೋನಲ್ಲಿ ನೋಡ್ದೆ ಕಣೋ. ಇದು ಗಂಟಲಲ್ಲಿ ಇಳಿಯಲ್ಲ. ಮಗುಗೆ ಆಗಾಗ ಕುಡಿಸ್ತಾ ಇದ್ರೆ ಹಾಲು ಬರ್ತದೆ ಅಂತ ನರ್ಸಮ್ಮ ಹೇಳಿದ್ದಾರೆ. ನಂಗೆ ಮತ್ತಿ ಮೀನು ತಾ, ಸಾಕು."

ನನ್ನ ಅಳುವನ್ನು ನಂಬಿದವಳು ಅವಳೊಬ್ಬಳೇ. ನಾನೂ ನಂಬಿರಲಿಲ್ಲ.