‘ಮುಳ್ಳುಸೌತೆ’ಯ ಪ್ರಕಾಶಕ ಅಲೋಶಿಯಸ್

ಕುವೈತಿನಲ್ಲಿ ನಾನು ಇಪ್ಪತ್ತು ವರ್ಷ ಇದ್ದೆ. ಎಂಥೆಂಥ ದೊಡ್ಡವರನ್ನೋ ಹತ್ತಿರದಿಂದ ನೋಡಿದೆ. ಆದರೆ ನೋಡಿ ಬೆರಗಾದದ್ದು ಒಬ್ಬರನ್ನೇ. ಶುವೈಖ್‌ನ ಗೋದಾಮೊಂದರಲ್ಲಿ ಲಾರಿಗಳ ಬಿಡಿಭಾಗ ನೋಡಿಕೊಳ್ಳುತ್ತಿದ್ದ ಸ್ಟೋರ್‌ಕೀಪರ್ ಅಲೋಶಿಯಸ್ ಅವರನ್ನು. ಹೀಗೆಂದರೆ ನಮ್ಮ ಎಂಜಿನಿಯರ್ ಮಿತ್ರರು ಹುಬ್ಬೇರಿಸುತ್ತಾರೆ. ಏರಿಸಲಿ ಬಿಡಿ, ನನಗೇನು!

ಅವರು ಶಿರ್ವದ ಕಡೆಯವರು, ಮನೆಮಾತು ಕೊಂಕಣಿ. ಕೊಲ್ಲಿ ಯುದ್ಧ ಮುಗಿದ ಮರುವರ್ಷ ಕುವೈತಿಗೆ ಬಂದರು. 1994ರಲ್ಲಿ ‘ಮುಳ್ಳುಸೌತೆ’ ಎಂಬ ಕನ್ನಡ ಪತ್ರಿಕೆ ಶುರು ಮಾಡಿದರು. ಎಂಟು ಪುಟದ ಝೆರಾಕ್ಸ್ ಪ್ರತಿ, ಮಧ್ಯೆ ಎರಡು ಪಿನ್ನು, ಅಷ್ಟೇ. ಅದರ ಕಸುಬೆಂದರೆ ನಮ್ಮವರನ್ನು ಗೇಲಿ ಮಾಡುವುದು. ಲಗೇಜಿನ ತೂಕ ಹೆಚ್ಚಾಯಿತೆಂದು ಏರ್‌ಪೋರ್ಟಿನಲ್ಲಿ ಜಾಕೆಟ್ ಮೇಲೆ ಜಾಕೆಟ್ ತೊಟ್ಟು ಬೆವರುವವರು, ಮನೆಯಲ್ಲಿ ಮಕ್ಕಳ ಜೊತೆ ಇಂಗ್ಲಿಷ್ ಆಡಿ ವೇದಿಕೆಯಲ್ಲಿ ಕನ್ನಡಕ್ಕಾಗಿ ಕಣ್ಣೀರು ಹಾಕುವವರು, ಯಾರನ್ನೂ ಅದು ಬಿಡುತ್ತಿರಲಿಲ್ಲ.

ಬರವಣಿಗೆ ಅವರದು, ಚಿತ್ರ ನನ್ನದು. ನಾನು ಅದೇ ಕಂಪನಿಯಲ್ಲಿ ಡ್ರಾಫ್ಟ್ಸ್‌ಮನ್, ಮಂಡ್ಯದ ಬೆಟ್ಟಯ್ಯ. ಮೊದಲೇ ಒಂದು ಕರಾರು ಹಾಕಿದ್ದೆ: ನನ್ನ ಹೆಸರು ಎಲ್ಲೂ ಬರಕೂಡದು. ಹಾಗಾಗಿ ಕೊನೆಯ ಪುಟದಲ್ಲಿ ಪ್ರಕಾಶಕರ ಹೆಸರೊಂದೇ ಇರುತ್ತಿತ್ತು. ಪರವಾನಗಿಯಿಲ್ಲದ ಪತ್ರಿಕೆಗೆ ಹೆಸರು ಬೇರೆ ಹಾಕಿಕೊಳ್ಳುತ್ತೀರಲ್ಲ, ತಲೆ ನೆಟ್ಟಗಿದೆಯೇನ್ರೀ ಅಂತ ನಾನು ರೇಗುತ್ತಿದ್ದೆ.

“ಹೆಸರಿಲ್ಲದೆ ಬರೆದರೆ ಅದು ಕಕ್ಕಸಿನ ಗೋಡೆಯ ಬರಹ ಆಗ್ತದೆ ಮಾರಾಯ್ರೆ,” ಎಂದು ನಗುತ್ತಿದ್ದರು.

ಅವರದ್ದೊಂದು ವಿಚಿತ್ರ ಪದ್ಧತಿಯಿತ್ತು. ಯಾರನ್ನು ಗೇಲಿ ಮಾಡಿದ್ದಾರೋ ಅವರಿಗೇ ಮೊದಲ ಪ್ರತಿ. ಅದೂ ಸ್ವತಃ ಹೋಗಿ ಕೈಗೆ ಕೊಟ್ಟು, ಅವರು ಓದಿ ಮುಗಿಸುವವರೆಗೆ ಎದುರಿಗೇ ಕೂರಬೇಕು. ಇಲ್ಲದಿದ್ದರೆ ಅದು ಚಾಡಿಯಾಗುತ್ತದಂತೆ! ಒಮ್ಮೆ ಸಲ್ವಾದ ಡಾಕ್ಟರೊಬ್ಬರು ಓದಿ ಕೆಂಡಾಮಂಡಲವಾಗಿ ಇವರನ್ನು ಹೊರಗೆ ಹಾಕಿದರು. ಇವರು ಮೆಟ್ಟಿಲಿಳಿಯುವಷ್ಟರಲ್ಲಿ ಆ ಡಾಕ್ಟರೇ ಕೂಗಿ ಕರೆದು, ಊರಲ್ಲಿರುವ ಭಾವನಿಗೆ ಕಳಿಸಲು ಇನ್ನೊಂದು ಪ್ರತಿ ಕೇಳಿದರು. ಎಂಟು ವರ್ಷ ಹೀಗೇ ನಡೆಯಿತು. ಹೊಡೆತ ಬೀಳದೆ ಹೇಗೆ ವಾಪಸ್ ಬರುತ್ತಾರೋ ಎಂದು ನನಗೆ ಪ್ರತಿ ಸಲವೂ ಸೋಜಿಗ.

2002ರಲ್ಲಿ ನಾನೊಂದು ಚಿತ್ರ ಬರೆದೆ. ನಮ್ಮ ಕಂಪನಿಯ ಆಡಳಿತ ಮ್ಯಾನೇಜರ್ ಡೆನಿಸ್ ಒಂದು ಸಂಘದ ಅಧ್ಯಕ್ಷರೂ ಆಗಿದ್ದರು. ಆ ಸಂಘದ ವಾರ್ಷಿಕೋತ್ಸವದಲ್ಲಿ ಅವರೇ ಮುಂದೆ ನಿಂತು ತಮಗೇ ಸನ್ಮಾನ ಮಾಡಿಸಿಕೊಂಡಿದ್ದರು. ನನ್ನ ಚಿತ್ರದಲ್ಲಿ ಶಾಲು ಹೊದಿಸುವವರೂ ಡೆನಿಸ್, ಹೊದಿಸಿಕೊಳ್ಳುವವರೂ ಡೆನಿಸ್, ಕೆಳಗೆ ಕೂತು ಚಪ್ಪಾಳೆ ತಟ್ಟುವ ಐವತ್ತು ಮಂದಿಯೂ ಡೆನಿಸ್. ಎಲ್ಲರಿಗೂ ಅದೇ ಗಿಣಿಮೂಗು.

ಹುಮ್ಮಸ್ಸಿನಲ್ಲಿ ಬರೆದುಕೊಟ್ಟೆನೇ ಹೊರತು, ಆಮೇಲೆ ಎದೆಯಲ್ಲಿ ಪುಕಪುಕ ಶುರುವಾಯಿತು. ಇಕಾಮಾ ಅಂದರೆ ಅಲ್ಲಿ ವಾಸಿಸುವ ಪರವಾನಗಿ; ಅದರ ನವೀಕರಣದ ಕಾಗದವೆಲ್ಲ ಡೆನಿಸರ ಮೇಜಿನ ಮೇಲಿಂದಲೇ ಹೋಗಬೇಕು. ನನ್ನ ಹೆಂಡತಿ ಭಾಗೀರಥಿ ಮತ್ತು ಮಗಳು ನಿಧಿ ಫ್ಯಾಮಿಲಿ ವೀಸಾದಲ್ಲಿ ರಿಗ್ಗೈಯ ನನ್ನ ಮನೆಗೆ ಬಂದು ಮೂರೇ ತಿಂಗಳಾಗಿತ್ತು. ನನ್ನ ಕೆಲಸ ಹೋದರೆ ಅವರೂ ಗಂಟುಮೂಟೆ ಕಟ್ಟಬೇಕು. ಚಿತ್ರ ಬೇಡ ಅಂದರೆ ಅಲೋಶಿಯಸ್ ಒಪ್ಪಲಿಲ್ಲ. “ಒಳ್ಳೆ ಬಂದಿದೆ, ಬಿಡುವ ಹಾಗಿಲ್ಲ. ಹದಿನೈದು ದಿವಸ ಕೊಡಿ ನನಗೆ,” ಅಂದರು. ಯಾಕೆಂದು ಹೇಳಲಿಲ್ಲ.

ಹದಿನಾರನೆಯ ದಿನ ಡೆನಿಸರ ಕ್ಯಾಬಿನ್‌ನಿಂದ ನನಗೆ ಕರೆ ಬಂತು. ಹೋದರೆ, ಅಲೋಶಿಯಸ್ ಆಗಲೇ ಕೈಕಟ್ಟಿ ಕೂತಿದ್ದಾರೆ. ಪತ್ರಿಕೆ ಮೇಜಿನ ಮೇಲಿದೆ.

“ಬೆಟ್ಟಯ್ಯ, ಈ ಕಂಪನಿಯಲ್ಲಿ ಗೆರೆ ಎಳೆಯುವವರು ನೀವೊಬ್ರೇ. ನಿಮ್ಮದಾ ಇದು?”

ನಾನು ಬಗ್ಗಿ, ಪತ್ರಿಕೆಯನ್ನು ಮೊದಲ ಸಲ ನೋಡುವವನಂತೆ ನೋಡಿದೆ.

“ಅವರಿಗೆ ಬಿಲ್ಡಿಂಗ್ ಬಿಟ್ರೆ ಬೇರೆ ಬರುವುದಿಲ್ಲ ಸರ್,” ಅಲೋಶಿಯಸ್ ನಡುವೆ ಬಾಯಿ ಹಾಕಿದರು. “ಆಗ್ಲೇ ಹೇಳಿದ್ನಲ್ಲ, ನಾನೇ ಬಿಡಿಸಿದ್ದು.”

“ಹೌದಾ? ಹಾಗಾದ್ರೆ ಈಗ ನನ್ನೆದುರು ಬಿಡಿಸಿ. ಸುಳ್ಳಾದ್ರೆ ಇಬ್ರೂ ಖಲಾಸ್.” ಡೆನಿಸ್ ಬಿಳಿ ಹಾಳೆ ತಳ್ಳಿದರು.

ಮುಗಿಯಿತು ಕಥೆ ಅಂದುಕೊಂಡೆ. ಎಂಟು ವರ್ಷದಲ್ಲಿ ಈ ಮನುಷ್ಯ ಒಂದು ಬೆಕ್ಕನ್ನೂ ಬರೆದದ್ದು ನಾನು ಕಂಡಿರಲಿಲ್ಲ. ಅಲೋಶಿಯಸ್ ಪೆನ್ನು ತೆಗೆದುಕೊಂಡರು. “ಸರ್, ಸ್ವಲ್ಪ ಈಚೆ ತಿರುಗ್ತೀರಾ?” ಎಂದರು. ಆಮೇಲೆ ಎಳೆದರು ನೋಡಿ! ಹಣೆಯಿಂದ ಶುರುವಾದ ಗೆರೆ ಮೂಗಿನ ತುದಿಯಲ್ಲಿ ಬಾಗಿ ಮೀಸೆಗಿಳಿಯಿತು, ಎಲ್ಲೂ ತಡವರಿಸಲಿಲ್ಲ. ಒಂದಾದ ಮೇಲೊಂದು ಐದು ಡೆನಿಸ್. ಶಿವನೇ, ನನ್ನ ಕೈಯೇ ಅವರ ತೋಳಿಗೆ ಬಂದು ಕೂತಿದೆಯೇ ಅನ್ನಿಸಿತು.

ಡೆನಿಸ್ ಹಾಳೆಯನ್ನು ಪತ್ರಿಕೆಯ ಪಕ್ಕ ಇಟ್ಟು ಹೋಲಿಸಿದರು. “ನಿಮ್ಮ ಇಕಾಮಾ ರಿನ್ಯೂ ಆಗುವುದಿಲ್ಲ ಅಲೋಶಿಯಸ್. ಬೆಟ್ಟಯ್ಯ, ನೀವು ಕೆಲಸಕ್ಕೆ ಹೋಗಿ.”

ನಾನು ಹೋದೆ. ಬಾಯಿ ಬಿಡಲಿಲ್ಲ. ನನ್ನಂಥ ಹೇಡಿ ಇಡೀ ಶುವೈಖ್‌ನಲ್ಲಿ ಇನ್ನೊಬ್ಬನಿರಲಿಲ್ಲ.

ತಿಂಗಳೊಳಗೆ ಅವರು ಹೊರಟರು. ಏರ್‌ಪೋರ್ಟಿನಲ್ಲಿ ನಾನು ಕೈಹಿಡಿದು ಅತ್ತರೆ, “ಎಂಥದು ಮಾರಾಯ್ರೆ ಹೆಂಗಸರ ಹಾಗೆ? ಪಾಪುವಿನ ಜ್ವರ ಬಿಟ್ಟಿತಾ?” ಅಂತ ಕೇಳಿದರು. ಮಗುವಿಗೆ ಜ್ವರವೆಂದು ಹಿಂದಿನ ದಿನ ಮಾತಿನ ನಡುವೆ ಅಂದಿದ್ದೆ, ಅಷ್ಟೇ.

ಮರುದಿನ ಅವರ ಜೊತೆ ಸ್ಟೋರಿನಲ್ಲಿದ್ದ ಹಸನಬ್ಬ ನನ್ನನ್ನು ಕರೆದರು. ಹಿಂದಿನ ಸಾಲಿನಿಂದ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಎಳೆದು ನನ್ನ ಮುಂದೆ ಸುರಿದರು. ಬಿಡಿಭಾಗ ಸುತ್ತಿ ಬಂದ ಕಾಗದಗಳು, ಹರಿದ ರಟ್ಟುಗಳು, ಎಲ್ಲದರ ಮೇಲೂ ಡೆನಿಸರ ಮೂಗು! ಮೊದಮೊದಲಿನವು ಗೇರುಹಣ್ಣಿನಂತಿದ್ದವು. ನೋಡುತ್ತಾ ಹೋದಂತೆ ನೆಟ್ಟಗಾಗಿದ್ದವು. ಸಾವಿರಕ್ಕೆ ಕಡಿಮೆಯಿರಲಿಲ್ಲ.

“ಹದಿನೈದು ದಿವಸ ಊಟಕ್ಕೆ ಕರೆದ್ರೂ ಏಳ್ಲಿಲ್ಲ,” ಎಂದರು ಹಸನಬ್ಬ. “ಇದೆಂಥ ಮರ್ಲು ಅಂತ ಕೇಳಿದೆ. ಬೆಟ್ಟಯ್ಯನವರದ್ದು ಚಿಕ್ಕ ಮಗು ಉಂಟು, ನಾಳೆ ಡೆನಿಸ್ ಸರ್ ಬಿಡಿಸಿ ತೋರಿಸು ಅಂದ್ರೆ ನನ್ನಿಂದ ಆಗ್ಬೇಕಲ್ಲ ಅಂದ್ರು.”

ನಾನು ಆ ಕಾಗದಗಳನ್ನು ಒಂದೊಂದಾಗಿ ಆಯ್ದು ಪೆಟ್ಟಿಗೆಗೆ ತುಂಬಿದೆ. ಇಷ್ಟು ದೊಡ್ಡ ಮನುಷ್ಯನ ಜೊತೆ ಎಂಟು ವರ್ಷ ಚಹಾ ಕುಡಿದೆನಲ್ಲ, ನನಗೆ ಗೊತ್ತೇ ಆಗಲಿಲ್ಲವಲ್ಲ!

ಆ ವಾರ ಒಂದೇ ಹಾಳೆಯ ‘ಮುಳ್ಳುಸೌತೆ’ ಹೊರತಂದೆ. ಮೇಜಿನ ಕೆಳಗೆ ಅಡಗಿ ಕೂತ ಒಬ್ಬ ಡ್ರಾಫ್ಟ್ಸ್‌ಮನ್, ಮೇಲೆ ಅವನ ತಪ್ಪಿಗೆ ಇನ್ನೊಬ್ಬರು ತಲೆ ಕೊಡುತ್ತಿರುವ ಚಿತ್ರ. ಕೆಳಗೆ ಬರೆದೆ: ‘ಪ್ರಕಾಶಕ, ಚಿತ್ರಕಾರ: ಬೆಟ್ಟಯ್ಯ. ಕಳೆದ ಸಂಚಿಕೆಯ ಚಿತ್ರವೂ ನನ್ನದೇ.’

ಭಾಗೀರಥಿ ಅದನ್ನು ನಿಂತಲ್ಲೇ ಎರಡು ಸಲ ಓದಿದಳು. ಸ್ಟೂಲು ಹತ್ತಿ ಬೀರುವಿನ ಮೇಲಿದ್ದ ಸೂಟ್‌ಕೇಸ್ ಇಳಿಸಿದಳು, ಸೆರಗಿನಿಂದ ಧೂಳು ಒರೆಸಿದಳು.

“ಹೋಗಿ ಹಂಚಿ ಬನ್ನಿ,” ಅಂದಳು. “ಅಷ್ಟೊತ್ತಿಗೆ ಮಗು ಬಟ್ಟೆ ಮಡಿಸಿಟ್ಟಿರ್ತೀನಿ.”