ಬ್ಯಾರನ್ನಿಗೆ ಹೋಗದ ಪೆಟ್ಟಿಗೆ

ಅಕ್ಷರ ಕಂಡರೆ ಓದದೆ ಮುಂದೆ ಹೋಗಲಾರೆ ಮಕ್ಕಳೇ, ಇದು ನನ್ನ ಹಳೆಯ ಕಾಯಿಲೆ. ಗೊಬ್ಬರದ ಚೀಲ, ಕೊಣನೂರು ಬಸ್ಸಿನ ಬೆನ್ನು, ಸಂತೆಯ ಕಡಲೆಪುರಿ ಕಟ್ಟಿದ ಕಾಗದ, ಯಾವುದನ್ನೂ ಬಿಟ್ಟವಳಲ್ಲ. ಆದರೆ ಓದಿದ್ದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಎಂದೂ ಬರಲಿಲ್ಲ. ನಿಮ್ಮ ದೊಡ್ಡಜ್ಜ, ಎಂದರೆ ನನ್ನ ಬಾವನವರ ಎದುರಿಗಂತೂ ಮದುವೆಯಾಗಿ ಬಂದಾಗಿನಿಂದ ತುಟಿ ಬಿಚ್ಚಿದವಳಲ್ಲ.

ಹೋದ ವರ್ಷ ಒಂದು ಬೆಳಗ್ಗೆ ನಮ್ಮ ಹೊಗೆಸೊಪ್ಪಿನ ಹೊಲಕ್ಕೆ ಆಕಾಶದಿಂದ ದೊಡ್ಡದೊಂದು ಕೊಡೆ ಇಳಿಯಿತು. ಅದಕ್ಕೆ ಬೀರುವಿನಷ್ಟು ಪೆಟ್ಟಿಗೆ ಜೋತುಬಿದ್ದಿತ್ತು. ಮಳೆ ಹನಿಯುತ್ತಿತ್ತು. ನೆನೆದದ್ದು ಏನೇ ಇರಲಿ, ಸೊಪ್ಪು ಬೇಯಿಸುವ ಬಿಸಿ ಕೋಣೆ, ಅದೇ ಬ್ಯಾರನ್ನು, ಅದರ ಕಾವಿಗಿಟ್ಟು ಒಣಗಿಸುವುದು ನಮ್ಮ ಮನೆಯ ಪದ್ಧತಿ. ಕಂಬಳಿ, ಶಾಲೆಯ ಸಮವಸ್ತ್ರವಿರಲಿ, ನಿಮ್ಮಜ್ಜನ ರೇಡಿಯೊ ಕೂಡ ಒಮ್ಮೆ ಒಳಗೆ ಹೋಗಿ ಸೊಟ್ಟಗಾಗಿ ಹೊರಗೆ ಬಂದಿತ್ತು.

"ಯಾರ್ದೋ ಬೆಲೆಬಾಳೋ ಸಾಮಾನು, ನೆಂದ್ರೆ ಕೆಟ್ಟೋಯ್ತದೆ. ಎತ್ರಲಾ, ಬ್ಯಾರನ್‌ಗೆ ಇಕ್ಕನ" ಎಂದರು ಬಾವ. ಎಂಟು ಜನ ಹೆಗಲು ಕೊಟ್ಟರು.

ಪೆಟ್ಟಿಗೆ ನನ್ನ ಮುಂದೆಯೇ ಹಾದುಹೋಗುವಾಗ ಅದರ ಪಕ್ಕೆಯ ಚೀಟಿ ಕಂಡಿತು. ಕನ್ನಡವೇ! ಇದು ವಿಜ್ಞಾನದ ಉಪಕರಣ, ಅಪಾಯವಿಲ್ಲ, ಬಿಚ್ಚಬೇಡಿ, ಬಿಸಿ ತಾಗಿಸಬೇಡಿ, ಪೊಲೀಸರಿಗೆ ತಿಳಿಸಿ. ಬ್ಯಾರನ್ನಿನ ಬಾಗಿಲಿಗೆ ಹತ್ತೇ ಹೆಜ್ಜೆ. ನಾನು ಕೂಗಿಯೇ ಬಿಟ್ಟೆ.

"ಬಾವ, ಬ್ಯಾಡಿ! ಬಿಸಿ ತಾಗ್ಬಾರ್ದಂತೆ, ಬರ್ದವ್ರೆ!"

ಎಲ್ಲರೂ ತಿರುಗಿದರು. ಬಾವ ನನ್ನನ್ನೂ ಚೀಟಿಯನ್ನೂ ನೋಡಿ, "ಇಷ್ಟು ವರ್ಸಕ್ಕೆ ಇವತ್ತು ಈವಮ್ಮನ ದನಿ ಕೇಳ್ದೆ ಕಣ್ರಲಾ! ಇಳುಸ್ರಿ ಕೆಳೀಕೆ" ಎಂದರು.

ಸಂಜೆಗೆ ಪೊಲೀಸರ ಜೊತೆ ವಿಜ್ಞಾನಿಗಳು ಬಂದರು. ಅವರಲ್ಲಿ ಕನ್ನಡ ಬಲ್ಲ ಹುಡುಗಿಯೊಬ್ಬಳು ಕಾಫಿ ಕುಡಿಯುತ್ತ ವಿವರಿಸಿದಳು. ಅದು ಗಾಮಾ ಕಿರಣ ನೋಡುವ ದೂರದರ್ಶಕವಂತೆ. ಗಾಮಾ ಕಿರಣವೆಂದರೆ ಎಕ್ಸ್‌ರೇಗಿಂತ ಬಲವಾದ ಬೆಳಕು, ಕಣ್ಣಿಗೆ ಕಾಣದು. ಸಿಡಿದ ನಕ್ಷತ್ರಗಳಂಥ ಕಡೆಯಿಂದ ಬರುತ್ತದೆ. ನಮ್ಮ ಮೇಲಿನ ಗಾಳಿ ಅದನ್ನು ನೆಲ ಮುಟ್ಟಗೊಡುವುದಿಲ್ಲ. ಹಾಗಾಗಿ ಅದು ಎಲ್ಲಿಂದ ಬಂತೆಂದು ಹುಡುಕಲು ಈ ಪೆಟ್ಟಿಗೆಯನ್ನು ಬಲೂನಿಗೆ ಕಟ್ಟಿ ವಿಮಾನಕ್ಕಿಂತಲೂ ಎತ್ತರಕ್ಕೆ ಕಳಿಸುತ್ತಾರೆ. ಕೆಲಸ ಮುಗಿದ ಮೇಲೆ ಬಲೂನು ಬಿಡಿಸಿ ಕೊಡೆಯಲ್ಲಿ ಇಳಿಸುತ್ತಾರೆ.

"ಕಂಡದ್ದೆಲ್ಲ ಪೆಟ್ಟಿಗೆ ಒಳಗೇ ದಾಖಲಾಗಿದೆ ಅಜ್ಜಿ. ಬಿಸಿಗಿಟ್ಟಿದ್ರೆ ನಮ್ಮ ಇಷ್ಟು ವರ್ಷದ ಕೆಲಸ ಬೆಂದುಹೋಗ್ತಿತ್ತು" ಎಂದು ನನ್ನ ಕೈ ಹಿಡಿದಳು.

ಯಾರಿಗೆ ಕೃತಜ್ಞತೆ ಹೇಳಲಿ? ತಲೆಯ ಮೇಲೆ ಸುಮ್ಮನೆ ಕಾಯುತ್ತಿರುವ ಗಾಳಿಗೋ, ಆ ಚೀಟಿಯನ್ನು ಕನ್ನಡದಲ್ಲಿ ಬರೆದ ಪುಣ್ಯಾತ್ಮರಿಗೋ, ಹುಣಿಸೆ ಮರದಡಿ ನನಗೆ ಅಕ್ಷರ ತಿದ್ದಿಸಿದ ಮೇಷ್ಟರಿಗೋ!

ಮರುದಿನ ಬಾವ ಪತ್ರಿಕೆ ಹಿಡಿದು ಬಂದು ಜಗಲಿಯಲ್ಲಿ ಕೂತರು. ಅದರಲ್ಲಿ ನಮ್ಮ ಹೊಲದ ಚಿತ್ರ. ಬಹಳ ಹೊತ್ತು ನೋಡಿ, ನನ್ನತ್ತ ನೀಡಿ, ಮೆಲ್ಲಗೆ ಎಂದರು: "ನಂಗೆ ಓದಕ್ಕೆ ಬರಾಕಿಲ್ಲ ಅಂತ ನಿಂಗೆ ಗೊತ್ತಿತ್ತೇನವ್ವ? ಓದು, ವಸಿ ಜೋರಾಗೇ ಓದು."

ಅವರೆದುರೇ ಕೂತು ಓದಿದೆ.