ಮಾವನವರ ಫೋನು, ನನ್ನ ಮೋಡೆಮ್

ಮೊನ್ನೆ ಕೂಲರ್‌ಗೆ ಹೊಸ ಲಾವಂಚದ ತಟ್ಟಿ ಹಾಕಿಸಿದೆ. ನೀರು ಬಿದ್ದು ಆ ವಾಸನೆ ಏಳುತ್ತಲೇ ಮಾವನವರು ನೆನಪಾದರು. ಬೇಸಿಗೆಯಿಡೀ ಕೂಲರ್ ಎದುರಿನ ಕುರ್ಚಿ ಅವರದು, ಪಕ್ಕದ ಫೋನೂ ಅವರದು... ಅಷ್ಟು ತಣ್ಣಗೆ ಕೂತು ನನ್ನ ಅನ್ನಕ್ಕೆ ಮಣ್ಣು ಹಾಕಿದರು.

ಊರಿನ ಹಳೇ ಭಾಗವಾದ ಮಹಾಲ್‌ನ ಆ ಮನೆಗೆ ನಾನು ಸೊಸೆಯಾಗಿ ಬಂದಾಗ, ಅವರು ಹೊರಗೆ ಕೆಲಸಕ್ಕೆ ಹೋಗಕೂಡದು ಎಂದಿದ್ದರು. ಸರಿ, ಕೆಲಸವನ್ನೇ ಮನೆಗೆ ತಂದೆ. ಅದೇ ಊರಿನ ಧರಂಪೇಠ ಬಡಾವಣೆಯ ಒಂದು ಕಚೇರಿಯ ಕಂಪ್ಯೂಟರಿಗೆ ಮನೆಯಿಂದಲೇ, ಫೋನ್ ತಂತಿಯ ಮೂಲಕ ಟೈಪ್ ಮಾಡಿ ಕೊಡುವ ಕೆಲಸ. ಯಾವುದೋ ಬ್ಯಾಂಕು ಗುಜರಿಗೆ ಹಾಕಿದ್ದ, ಪರದೆ-ಕೀಲಿಮಣೆಯಷ್ಟೇ ಇರುವ ಟರ್ಮಿನಲ್ಲು, ಯಾರೋ ಬಳಸಿ ಬಿಟ್ಟ ಮೋಡೆಮ್ಮು. ಪಡಸಾಲೆಯ ಫೋನಿನಿಂದ ಒಳಕೋಣೆಗೆ ಬಾಗಿಲ ಚೌಕಟ್ಟಿನ ಗುಂಟ ನಾನೇ ಮೊಳೆ ಹೊಡೆದು ತಂತಿ ಎಳೆದೆ. ಪರದೆಯ ಮೇಲೆ ಹಸಿರು ಅಕ್ಷರ ಮೂಡಿದಾಗ ಕಣ್ಣು ತುಂಬಿತ್ತು.

ಮಧ್ಯಾಹ್ನ ಊಟವಾಗಿ ಮಾವನವರು ಮಲಗಿದ ಹೊತ್ತಿನಲ್ಲಿ ಮಾತ್ರ ಫೋನ್ ನನಗೆ ಎಂದು ಒಪ್ಪಂದವಾಗಿತ್ತು. ನಡುವೆ ಯಾರಾದರೂ ರಿಸೀವರ್ ಎತ್ತಿದರೆ ಸಂಪರ್ಕ ಕಡಿದು, ಟೈಪ್ ಮಾಡಿದ್ದೆಲ್ಲ ಹೋಗುತ್ತದೆ ಎಂದೂ ಹೇಳಿದ್ದೆ. "ಹೂಂನವಾ, ತಿಳೀತು" ಅಂದಿದ್ದರು.

ಆದರೆ ವರ್ಷಗಟ್ಟಲೆ ಕಾದು ಪಡೆದ ಫೋನದು. ಆಗಾಗ ಎತ್ತಿ, ಟೋನ್ ಬರುತ್ತದೆಯೇ ಎಂದು ಕೇಳದಿದ್ದರೆ ಅವರಿಗೆ ಸಮಾಧಾನವಿಲ್ಲ. ನನ್ನ ಕೆಲಸದ ನಡುವೆ ಎತ್ತಿದಾಗಲೂ ಮೊದಮೊದಲು ಅಭ್ಯಾಸಬಲ ಅಂದುಕೊಂಡೆ. ಮಂದಿ ಬಂದರೆ, "ನಮ್ಮ ಸೊಸಿ ಮನ್ಯಾಗ ಕಂಪ್ಯೂಟರ್ ಕೂಡಿಸ್ಯಾಳ, ನೋಡ ಬರ್ರಿ" ಎಂದು ಒಳಗೆ ಕರೆತರುತ್ತಿದ್ದರು. ಅಂಥವರ ಮೇಲೆ ಅನುಮಾನ ಹೇಗೆ ಪಡುವುದು?

ಒಂದು ಮಧ್ಯಾಹ್ನ ನೀರು ಕುಡಿಯಲು ಎದ್ದು ಬಂದೆ. ಮಾವನವರು ರಿಸೀವರ್ ಎತ್ತಿದ್ದರು. ಅದರೊಳಗಿನಿಂದ ಮೋಡೆಮ್ಮಿನ ಕರ್ಕಶ ಸದ್ದು ನನಗೂ ಕೇಳಿಸಿತು. ನನ್ನ ಮುಖ ನೋಡಿದರು. ಕೆಳಗಿಡಲಿಲ್ಲ. ಸದ್ದು ಪೂರ್ತಿ ನಿಲ್ಲುವ ತನಕ ಕಿವಿಗೆ ಹಿಡಿದುಕೊಂಡೇ ಕೂತಿದ್ದು, ಆಮೇಲೆ ಮೆಲ್ಲಗೆ ಇಟ್ಟರು.

ಕೆಲಸ ಪದೇಪದೇ ಅರ್ಧಕ್ಕೇ ನಿಲ್ಲುತ್ತಿದೆ ಎಂದು ಕಚೇರಿಯವರು ಬೇರೆಯವರನ್ನು ನೋಡಿಕೊಂಡರು. ಮನೆಯಲ್ಲಿ ಹೇಳಿದೆ. ನನ್ನ ಗಂಡ ಪೇಪರಿನಿಂದ ತಲೆ ಎತ್ತಲಿಲ್ಲ. ಮಾವನವರು, "ಚಲೋ ಆತು ಬಿಡವಾ. ಇನ್ಮ್ಯಾಲ ಚಾ ಜಲ್ದಿ ಸಿಗತೈತಿ" ಅಂದರು.

ಟರ್ಮಿನಲ್ಲು ಮತ್ತೆ ಗುಜರಿಗೇ ಹೋಯಿತು. ನಾನು ಆಮೇಲೆ ಯಾವ ಕೆಲಸಕ್ಕೂ ಕೈ ಹಾಕಲಿಲ್ಲ... ಧೈರ್ಯ ಸತ್ತುಹೋಗಿತ್ತು.

ಹೋದ ವರ್ಷ ಮಾವನವರು ತೀರಿಕೊಂಡರು. ಹದಿಮೂರು ದಿನವೂ ಮಂದಿ ಸಮಾಧಾನ ಹೇಳಿ ಮಾತಾಡಿಸಲು ಬಂದರು. ಎಂಥ ದೊಡ್ಡ ಮನಸ್ಸಿನ ಮನುಷ್ಯ ಅಂದರು. ಈಗಲೂ ಸಿಕ್ಕವರು ಅದನ್ನೇ ಅನ್ನುತ್ತಾರೆ, ನಾನು ಹೂಂಗುಡುತ್ತೇನೆ. ನನ್ನ ಕೆಲಸ ಹೋದಾಗ ಮಾತಾಡಿಸಲು ಯಾರೂ ಬಂದಿರಲಿಲ್ಲ.